ಹದಿನಾಲ್ಕೂವರೆ ಗುಂಟೆಯ ಪ್ರಶ್ನೆ

ವಿಜಯಪುರ ಜಿಲ್ಲೆಯ ಶಾಲಾ ಮೈದಾನಗಳನ್ನು ನೋಡುತ್ತ ಬರೆದುಕೊಂಡ ಟಿಪ್ಪಣಿಗಳು

ಅಳತೆ

ಫ್ಲ್ಯಾಗ್ ಫುಟ್‌ಬಾಲ್ ಎಂದರೆ ಎದುರಾಳಿಯನ್ನು ಕೆಡವದೆ, ಸೊಂಟದ ಪಟ್ಟಿ ಕಿತ್ತು ತಡೆಯುವ ಚೆಂಡಿನ ಆಟ. ಅದನ್ನು ಆಡಲು ಬೇಕಾದ ಮೈದಾನ 70 ಗಜ ಉದ್ದ, 25 ಗಜ ಅಗಲ. ನಡುವೆ 50 ಗಜ ಆಟದ ಜಾಗ, ಎರಡೂ ತುದಿಗೆ ಅಂಕ ಗಳಿಸುವ 10 ಗಜದ ಪಟ್ಟಿ. ಒಟ್ಟು 1,750 ಚದರ ಗಜ. ಗುಂಟೆಗೆ 121 ಚದರ ಗಜದ ಲೆಕ್ಕ ಹಿಡಿದರೆ ಹದಿನಾಲ್ಕೂವರೆ ಗುಂಟೆ ಆಯಿತು. ಓಡಿಬಂದವರು ನಿಲ್ಲಲು ಸುತ್ತ ಮೂರು ಮೂರು ಗಜ ಬಿಟ್ಟರೂ ಅರ್ಧ ಎಕರೆ ದಾಟುವುದಿಲ್ಲ. 105 ಮೀಟರ್ ಉದ್ದ, 68 ಮೀಟರ್ ಅಗಲದ ದೊಡ್ಡ ಕಾಲ್ಚೆಂಡು ಮೈದಾನಕ್ಕೆ ಒಂದು ಮುಕ್ಕಾಲು ಎಕರೆ ಬೇಕು.

ಇಷ್ಟು ಚಿಕ್ಕ ಅಂಗಳ. ಆದರೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ಈ ಆಟದ ಮಾತು ತೆಗೆದರೂ ಮೊದಲು ಬರುವ ಉತ್ತರ ಒಂದೇ: ‘ಜಾಗಾ ಎಲ್ಲೈತ್ರಿ?’ ಹೇಳುವವರ ಹಿಂದೆಯೇ ಎರಡು ಎಕರೆ ಬಯಲು ಬಿದ್ದಿರುತ್ತದೆ. ನನಗೆ ಅರ್ಥವಾಗದೇ ಉಳಿದದ್ದು ಇದು. ಈ ಟಿಪ್ಪಣಿಗಳೆಲ್ಲ ಆ ಉತ್ತರದ ಬೆನ್ನು ಹತ್ತಿ ಹೋದವು.

ಮುಂಬೈಯಲ್ಲಿ ಆದದ್ದು

ಈ ಆಟದ ಮಾತು ಬಂದದ್ದು ಹೀಗೆ: 2023ರ ಅಕ್ಟೋಬರ್ 16ರಂದು ಮುಂಬೈಯಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಐದು ಆಟಗಳನ್ನು ಸೇರಿಸಿತು. ಕ್ರಿಕೆಟ್ ಸೇರಿದ್ದು ನಮ್ಮ ಓಣಿ ಓಣಿಗೂ ತಲುಪಿತು. ಸ್ಕ್ವಾಷ್, ಲಕ್ರಾಸ್, ಬೇಸ್‌ಬಾಲ್-ಸಾಫ್ಟ್‌ಬಾಲ್ ಜೊತೆ ಫ್ಲ್ಯಾಗ್ ಫುಟ್‌ಬಾಲ್ ಕೂಡ ಅದೇ ದಿನ ಸೇರಿದ್ದು ಯಾರ ಕಿವಿಗೂ ಬೀಳಲಿಲ್ಲ. ಗಂಡಸರದು ಆರು ತಂಡ, ಹೆಂಗಸರದೂ ಆರು ತಂಡ, ತಂಡಕ್ಕೆ 10 ಜನ. ಕಣದಲ್ಲಿರುವವರು ಐದೇ ಐದು.

ಅಮೆರಿಕದ್ದೇ ಆಟ ನಿಜ. ಆದರೆ 2022ರಲ್ಲಿ ಅದೇ ದೇಶದ ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆದ ವರ್ಲ್ಡ್ ಗೇಮ್ಸ್ ಫೈನಲ್‌ನಲ್ಲಿ ಮೆಕ್ಸಿಕೋದ ಹೆಣ್ಣುಮಕ್ಕಳು ಅಮೆರಿಕದವರನ್ನು 39-6ರಿಂದ ಸೋಲಿಸಿದರು. ಡಯಾನಾ ಫ್ಲೋರೆಸ್ ಆ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವಳು. ಹುಟ್ಟಿದ ನೆಲದಲ್ಲೇ ಬೇರೆಯವರು ಬಂದು ಗೆಲ್ಲಬಹುದಾದ ಆಟ ಇದು. ಈ ಮಾತನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ಕಬಡ್ಡಿ ಬಲ್ಲವರಿಗೆ ಹೇಳುವಾಗ

ನಡುವಿನ ಎರಡೂ ಬದಿಗೆ ಒಂದೊಂದು ಬಟ್ಟೆಯ ಪಟ್ಟಿ ಇಳಿಬಿಟ್ಟಿರುತ್ತಾರೆ. ಚೆಂಡು ಹಿಡಿದು ಓಡುವವನ ಪಟ್ಟಿ ಕಿತ್ತರೆ ಆಟ ಅಲ್ಲೇ ನಿಂತಿತು. ಮುಂದಿನ ಆಟ ಆ ಜಾಗದಿಂದ. ನಾಲ್ಕು ಯತ್ನದಲ್ಲಿ ನಡುಗೆರೆ ದಾಟಬೇಕು. ದಾಟಿದರೆ ಇನ್ನೂ ನಾಲ್ಕು ಯತ್ನ, ಅಷ್ಟರಲ್ಲಿ ಎದುರು ತುದಿಯ ಅಂಕದ ಪಟ್ಟಿ ಮುಟ್ಟಬೇಕು. ಮುಟ್ಟಿದರೆ 6 ಅಂಕ. ತಳ್ಳುವಂತಿಲ್ಲ, ತಬ್ಬಿ ಕೆಡವುವಂತಿಲ್ಲ, ಅಡ್ಡ ನಿಂತು ದಾರಿ ಕಟ್ಟುವಂತಿಲ್ಲ.

‘ಹಂಗಾರ ಹಿಡಿಯೂದು ಇಲ್ಲೇನ್ರಿ ಸರ?’ ಎಂದು ಹೈಸ್ಕೂಲಿನ ಹುಡುಗಿಯೊಬ್ಬಳು ಕೇಳಿದಳು. ಕಬಡ್ಡಿ ಆಡುವವಳು.

‘ಇಲ್ಲವಾ. ನಡದಾಗಿನ ಬಟ್ಟಿ ಕಿತ್ತಿದ್ರ ಮುಗೀತು’ ಎಂದರು ಪಿ.ಟಿ. ಸರ್.

ಆಕೆ ಸ್ವಲ್ಪ ಯೋಚಿಸಿ, ‘ಹಂಗಿದ್ರ ಕಾಲಾಗಿನ ಆಟ ಐತಿ ಇದು’ ಎಂದಳು. ಎದುರಾಳಿಯನ್ನು ಒಂದು ಕಡೆಗೆ ಬಾಗಿಸಿ ಇನ್ನೊಂದು ಕಡೆ ನುಸುಳುವ ವಿದ್ಯೆ ರೇಡ್ ಮಾಡುವವರಿಗೆ ಮೊದಲೇ ಗೊತ್ತು. ಅವಳು ಅದನ್ನು ತಟ್ಟನೆ ಕಂಡುಕೊಂಡಳು. ಆಟ ತಿಳಿಯುವುದು ಇಲ್ಲಿ ತೊಡಕೇ ಅಲ್ಲ.

ಪಟ್ಟಿ ಮತ್ತು ಕಿಸೆ

ಪೇಟೆಯಿಂದ ಬೆಲ್ಟ್ ತರಿಸುವ ಮೊದಲು ಹಳೆಯ ಸೀರೆ ಹರಿದು ಪಟ್ಟಿ ಮಾಡಿಕೊಳ್ಳಬಹುದು. ಒಂದೇ ಎಚ್ಚರಿಕೆ: ಪಟ್ಟಿಯನ್ನು ಸಿಕ್ಕಿಸಬೇಕು, ಗಂಟು ಹಾಕಬಾರದು. ಗಂಟು ಹಾಕಿದ ಪಟ್ಟಿ ಕಿತ್ತುಬರುವುದಿಲ್ಲ, ಮಗುವೇ ಎಳೆದುಕೊಂಡು ಬೀಳುತ್ತದೆ.

ಇನ್ನೊಂದು ಸಂಗತಿ ಆಟ ನೋಡಿದ ಮೇಲಷ್ಟೇ ಹೊಳೆಯುವಂಥದು. ಈ ಆಟದಲ್ಲಿ ಕಿಸೆ ಇರುವ ಚಡ್ಡಿಗೆ ಅವಕಾಶವಿಲ್ಲ. ಪಟ್ಟಿಗೆ ಕೈ ಹಾಕಿದವರ ಬೆರಳು ಕಿಸೆಯಲ್ಲಿ ಸಿಕ್ಕಿ ತಿರುಚಿಕೊಳ್ಳುತ್ತದೆ, ಮುರಿಯಲೂಬಹುದು. ನಮ್ಮ ಶಾಲೆಯ ಸಮವಸ್ತ್ರದ ಚಡ್ಡಿ, ಪ್ಯಾಂಟಿಗೆಲ್ಲ ಕಿಸೆ. ಹೆಣ್ಣುಮಕ್ಕಳ ಚೂಡಿದಾರದ ಉದ್ದ ಟಾಪ್ ಪಟ್ಟಿಯನ್ನೇ ಮುಚ್ಚಿಬಿಡುತ್ತದೆ, ಓಢಣಿ ಅಡ್ಡಬರುತ್ತದೆ. ಆಟದ ಹೊತ್ತಿಗೆ ಓಢಣಿ ತೆಗೆದಿಟ್ಟು, ಟಾಪ್ ಒಳಗೆ ಸೇರಿಸಿ, ಕಿಸೆಯ ಬಾಯಿಗೆ ನಾಲ್ಕು ಹೊಲಿಗೆ ಹಾಕಿದರೆ ಸಾಕು. ಊರಿನ ದರ್ಜಿಯ ಅರ್ಧ ತಾಸಿನ ಕೆಲಸ. ಆದರೆ ಓಢಣಿ ತೆಗೆದು ಬಯಲಲ್ಲಿ ಓಡುವುದು ಹದಿನಾಲ್ಕರ ಹುಡುಗಿಗೆ ದರ್ಜಿ ಬಗೆಹರಿಸುವ ಸಂಗತಿಯಲ್ಲ. ಅದಕ್ಕೆ ಮನೆಯವರ ಜೊತೆ ಕೂತು ಮಾತಾಡುವ ಒಬ್ಬ ಶಿಕ್ಷಕಿ ಬೇಕು, ಮೈದಾನಕ್ಕೆ ಕಾಂಪೌಂಡ್ ಬೇಕು, ಹತ್ತಿರದಲ್ಲೇ ಶೌಚಾಲಯ ಬೇಕು. ಮೈದಾನ ಸಿದ್ಧ ಮಾಡುವುದೆಂದರೆ ಇವೂ ಅದರೊಳಗೇ ಬರಬೇಕು.

ಇಂಡಿ: ಓಟದ ಗೆರೆಯ ಒಳಗೆ

ಭೀಮಾ ನದಿಯ ಈಚೆಗಿನ ನಿಂಬೆ ಸೀಮೆ. ಇಲ್ಲಿನ ಹೈಸ್ಕೂಲೊಂದರ ಬಯಲಲ್ಲಿ ತಾಲೂಕು ಕ್ರೀಡಾಕೂಟಕ್ಕೆಂದು 200 ಮೀಟರ್ ಓಟದ ಗೆರೆ ಹಾಕಿದ್ದರು. ಕೂಟ ಮುಗಿದಿತ್ತು, ಸುಣ್ಣ ಇನ್ನೂ ಮಾಸಿರಲಿಲ್ಲ. ಆ ಗೆರೆಯ ಒಳಗೆ ಎಷ್ಟು ಜಾಗ ಖಾಲಿ ಬಿದ್ದಿದೆ ಎಂದು ಲೆಕ್ಕ ಹಾಕಿದೆ.

ತಿರುವಿನ ತ್ರಿಜ್ಯ 18 ಮೀಟರ್ ಎಂದುಕೊಂಡರೆ ನೇರ ಭಾಗ ಸುಮಾರು 43 ಮೀಟರ್ ಬರುತ್ತದೆ. ಒಳಗಿನ ಬಯಲು ತುದಿಯಿಂದ ತುದಿಗೆ 79 ಮೀಟರ್, ಅಡ್ಡಗಲ 36 ಮೀಟರ್. ಫ್ಲ್ಯಾಗ್ ಫುಟ್‌ಬಾಲ್ ಅಂಗಳ ಮೀಟರ್ ಲೆಕ್ಕದಲ್ಲಿ 64ಕ್ಕೆ 23. ಅದು ಓಟದ ಗೆರೆಯ ಒಳಗೆ ಸಲೀಸಾಗಿ ಕೂರುತ್ತದೆ. ನಾಲ್ಕು ಮೂಲೆಗಳಲ್ಲಿ ಮಾತ್ರ ಇಕ್ಕಟ್ಟು, ಅಲ್ಲಿ ಸುಮಾರು ಎರಡೂವರೆ ಮೀಟರ್ ಉಳಿಯುತ್ತದೆ. ಒಂದು ಗೆರೆಯನ್ನೂ ಅಳಿಸಬೇಕಿಲ್ಲ.

ಟೇಪು ಇಲ್ಲದ ಶಾಲೆಗೂ ದಾರಿ ಇದೆ. ಕ್ರಿಕೆಟ್ ಪಿಚ್ 22 ಗಜ ಎಂಬುದು ಪ್ರತಿ ಹುಡುಗನಿಗೂ ಗೊತ್ತು. ಪಿಚ್‌ಗಿಂತ ಮೂರು ಗಜ ಹೆಚ್ಚಾದರೆ ಈ ಅಂಗಳದ ಅಗಲ. ಮೂರು ಪಿಚ್ ಉದ್ದಕ್ಕೆ ಜೋಡಿಸಿ ನಾಲ್ಕು ಗಜ ಸೇರಿಸಿದರೆ ಇದರ ಉದ್ದ. 22 ಗಜದ ಒಂದು ಹಗ್ಗ ಇದ್ದರೆ ಏಳನೆಯ ಇಯತ್ತೆಯ ಮಕ್ಕಳೇ ಮೂಲೆ ಗುರುತು ಮಾಡಬಲ್ಲರು. ಗಣಿತದ ಮಾಸ್ತರರು ಜೊತೆಗೆ ಬಂದು 3-4-5ರ ತ್ರಿಕೋನದಿಂದ ಲಂಬಕೋನ ಹಿಡಿದುಕೊಟ್ಟರೆ ಅದೇ ಆ ದಿನದ ಪಾಠ.

ಹಾಗಾದರೆ ಜಾಗ ಇದೆ. ‘ಎಲ್ಲೈತ್ರಿ’ ಅನ್ನುವುದು ಯಾಕೆ?

ಸಿಂದಗಿ: ಎರಿ ನೆಲ

ಉತ್ತರದ ಎಳೆ ಸಿಕ್ಕಿದ್ದು ಸಿಂದಗಿಯ ಕಡೆ. ಹಳ್ಳಿಯ ಶಾಲೆ, ಬೇಸಿಗೆ, ಮೈದಾನದ ತುಂಬ ಬಿರುಕು. ಒಂದು ಬಿರುಕಿನೊಳಗೆ ನನ್ನ ಅಂಗೈ ಮಣಿಕಟ್ಟಿನವರೆಗೆ ಇಳಿಯಿತು. ಅಂಚುಗಳು ಇಟ್ಟಿಗೆಯಷ್ಟು ಗಟ್ಟಿ. ಬಿರುಕಿನ ಬಾಯಲ್ಲೇ ನೆಗ್ಗಿಲ ಬಳ್ಳಿ ಹಬ್ಬಿ ಒಣಗಿತ್ತು, ಅದರ ಮುಳ್ಳಿನ ಕಾಯಿ ಸುತ್ತ ಉದುರಿದ್ದವು. ಪಕ್ಕದಲ್ಲೇ, ಬೇವಿನ ನೆರಳಿಗೆ, ಮಕ್ಕಳು ಕಬಡ್ಡಿ ಆಡುತ್ತಿದ್ದರು, ಬರಿಗಾಲಲ್ಲಿ. ಅಲ್ಲಿ ಒಂದೂ ಬಿರುಕು ಇರಲಿಲ್ಲ. ಮಕ್ಕಳೇ ಮಣ್ಣು ತುಂಬಿ, ನೀರು ಹೊಡೆದು, ಗುಡಿಸಿ ಇಟ್ಟುಕೊಂಡಿದ್ದ ನೆಲ ಅದು.

ಗಂಡುಮಕ್ಕಳ ಕಬಡ್ಡಿ ಅಂಕಣ 13 ಮೀಟರ್‌ಗೆ 10 ಮೀಟರ್, ಅಂದರೆ 130 ಚದರ ಮೀಟರ್. ಫ್ಲ್ಯಾಗ್ ಫುಟ್‌ಬಾಲ್ ಅಂಗಳ 1,463 ಚದರ ಮೀಟರ್, ಹನ್ನೊಂದು ಕಬಡ್ಡಿ ಅಂಕಣ ಸೇರಿದಷ್ಟು. ಅಷ್ಟು ನೆಲವನ್ನು ಮಕ್ಕಳು ಗುಡಿಸಿ ಇಟ್ಟುಕೊಳ್ಳಲಾರರು. ಜಾಗ ಇಲ್ಲ ಎನ್ನುವವರ ಮನಸ್ಸಿನಲ್ಲಿರುವುದು ಈ ಮಾತೇ ಎಂದು ನನಗೆ ಅನ್ನಿಸತೊಡಗಿತು. ಬಯಲು ಇದೆ, ಹಸನಾದ ನೆಲ ಇಲ್ಲ.

ಕಬಡ್ಡಿ ಆಡುವವರ ಕಣ್ಣು ಎದುರಾಳಿಯ ಮೇಲೆ, ಖೋ-ಖೋ ಆಡುವವರ ಕಣ್ಣು ಸಾಲಿನ ಮೇಲೆ ಇರುತ್ತದೆ. ಈ ಆಟದಲ್ಲಿ ಚೆಂಡು ಹಿಡಿಯುವವನ ಕಣ್ಣು ಆಕಾಶದ ಕಡೆಗೆ. ಪೂರ್ತಿ ವೇಗದಲ್ಲಿ ಓಡುತ್ತ, ತಲೆ ಹಿಂದಕ್ಕೆ ತಿರುಗಿಸಿ, ಮೇಲಿಂದ ಬರುವ ಚೆಂಡಿಗೆ ಕೈ ಚಾಚುತ್ತಾನೆ. ಕಾವಲು ಕಾಯುವವನು ಹಿಮ್ಮುಖವಾಗಿ ಹೆಜ್ಜೆ ಹಾಕುತ್ತಿರುತ್ತಾನೆ. ಕಾಲ ಕೆಳಗೆ ಏನಿದೆ ಎಂದು ಇಬ್ಬರೂ ನೋಡುವುದಿಲ್ಲ. ಎರಡು ಬೆರಳಗಲದ ಬಿರುಕು ಸಾಕು, ಪಾದ ತಿರುಚಿ ಹೋಗಲು.

ನೆಲ ಹಸನು ಮಾಡುವವರು

ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಪ್ರತಿ ವರ್ಷ ಇದೇ. ಮೇಲೆ ಸಿಮೆಂಟ್ ಹಾಕಿದರೂ ಅಡಿಯ ಮಣ್ಣು ಸುಮ್ಮನಿರುವುದಿಲ್ಲ, ಕಾಂಕ್ರೀಟೇ ಬಿರಿಯುತ್ತದೆ. ಹುಲ್ಲು ಬೆಳೆಸೋಣವೆಂದರೆ ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರುಗಳಿವೆ. ಕೃತಕ ಹುಲ್ಲಿನ ಮಾತು ಆಡುವವರು ಇಲ್ಲಿಯ ಏಪ್ರಿಲ್ ಬಿಸಿಲಿಗೆ ಅದು ಎಷ್ಟು ಕಾಯುತ್ತದೆ ಎಂಬುದನ್ನು ಕೈಯಿಟ್ಟು ನೋಡಬೇಕು.

ಆದರೆ ಬಿರುಕು ಮುಚ್ಚುವ ವಿದ್ಯೆ ಈ ಸೀಮೆಯ ರೈತರಿಗೆ ಹೊಸದಲ್ಲ. ಹಿಂಗಾರಿ ಜೋಳದ ಹೊಲದಲ್ಲಿ ಎಡೆ ಹೊಡೆಯುವುದರಲ್ಲಿ ಅದೂ ಒಂದು ಉದ್ದೇಶ. ಮೇಲ್ಮಣ್ಣು ಸಡಿಲಾಗಿ ಬಿರುಕಿಗೆ ಇಳಿಯುತ್ತದೆ, ತಳದ ಹಸಿ ಆರುವುದಿಲ್ಲ. ಅದೇ ಕೆಲಸವನ್ನು ಮೈದಾನಕ್ಕೆ ಮಾಡಬಹುದು. ತೆಳುವಾಗಿ ಕುಂಟೆ ಹೊಡೆದು, ಕೊರಡಿನಿಂದ ಸಮ ಮಾಡಿ, ನೀರು ಚಿಮುಕಿಸಿ, ರೋಲರ್ ಉರುಳಿಸುವುದು. ಅದರ ಮೇಲೆ ಜರಡಿ ಹಿಡಿದ ಗರಸಿನ ಪದರ. ಜರಡಿ ಹಿಡಿಯದ ಗರಸಿನಲ್ಲಿ ಕಲ್ಲು ಉಳಿಯುತ್ತದೆ, ಬಿದ್ದವರ ಮೊಣಕಾಲು ಸುಲಿಯುತ್ತದೆ. ನಡುವನ್ನು ಒಂದಿಷ್ಟು ಎತ್ತರಿಸಿ, 100 ಅಡಿಗೆ ಒಂದು ಅಡಿಯಂತೆ ಇಳಿಜಾರು ಕೊಟ್ಟರೆ ಮಳೆನೀರು ನಿಲ್ಲುವುದಿಲ್ಲ.

ಟ್ರ್ಯಾಕ್ಟರ್ ಇರುವ ಒಬ್ಬ ಪಾಲಕ, ಕೊರಡು ಇರುವ ಇನ್ನೊಬ್ಬ, ಎರಡು ಹೇರು ಗರಸು ಕೊಡಿಸುವ ಪಂಚಾಯಿತಿ ಸದಸ್ಯ ಸೇರಿದರೆ ಶುರು ಮಾಡಬಹುದು. ಇಷ್ಟೆಲ್ಲ ಬಲ್ಲ ಊರಿನಲ್ಲಿ ಶಾಲೆಯ ಅರ್ಧ ಎಕರೆ ಮಾತ್ರ ಯಾರೂ ಹಸನು ಮಾಡದೆ ಉಳಿದದ್ದು ಯಾಕೆ? ಹೊಲಕ್ಕೆ ಒಡೆಯ ಇದ್ದಾನೆ, ಮೈದಾನಕ್ಕೆ ಇಲ್ಲ. ಸದ್ಯಕ್ಕೆ ನನಗೆ ತೋಚಿದ ಉತ್ತರ ಇಷ್ಟೇ.

ಮುದ್ದೇಬಿಹಾಳ: ಅಂಚಿನ ವಸ್ತುಗಳು

ತಾಳಿಕೋಟೆ ಸುತ್ತಲಿನ ನೆಲದಲ್ಲಿ ಸುಣ್ಣದಕಲ್ಲಿನ ಪದರಗಳಿವೆ. 2018ರಲ್ಲಿ ತಾಳಿಕೋಟೆ ಬೇರೆ ತಾಲೂಕಾದರೂ ಮನೆ, ಗುಡಿ, ಶಾಲೆಗಳ ನೆಲಕ್ಕೆ ಫರಸಿ ಹಾಸುವ ರೂಢಿ ಎರಡೂ ಕಡೆ ಒಂದೇ. ಶಾಲೆಯ ವರಾಂಡದ ಫರಸಿ ಅಂಚು ನೇರ ಮೈದಾನಕ್ಕೆ ಚಾಚಿಕೊಂಡಿರುತ್ತದೆ. ಖೋ-ಖೋ ಅಂಕಣ ನಡುವಿನಲ್ಲಿದ್ದಾಗ ಆ ಅಂಚು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. 64 ಮೀಟರ್ ಓಟದ ಕೊನೆಗೆ ಅದು ಬಂದರೆ ಮಾತೇ ಬೇರೆ.

ಇಂಥವನ್ನು ಪಟ್ಟಿ ಮಾಡುತ್ತ ಹೋದೆ. ಕಾಂಕ್ರೀಟಿನಲ್ಲಿ ನೆಟ್ಟ ವಾಲಿಬಾಲ್ ಕಂಬ. ಧ್ವಜಸ್ತಂಭದ ಕಟ್ಟೆ, ಅದೂ ಮೈದಾನದ ಸರಿನಡುವೆ. ಕೆಟ್ಟು ನಿಂತ ಬೋರ್‌ವೆಲ್‌ನ ಕೇಸಿಂಗ್ ಪೈಪು, ನೆಲದಿಂದ ಒಂದು ಗೇಣು ಮೇಲೆ. ಕ್ರಿಕೆಟ್‌ಗೆಂದು ಯಾರೋ ಹಾಕಿಸಿದ ಸಿಮೆಂಟ್ ಪಿಚ್, ಅದರ ಅಂಚು ಒಡೆದು ಎದ್ದಿದೆ. ಕಾಂಪೌಂಡಿನ ಬುಡದಲ್ಲಿ ಒಡೆದ ಬಾಟಲಿ, ಬಳ್ಳಾರಿ ಜಾಲಿ.

ಧ್ವಜಕಟ್ಟೆಯನ್ನು ಕೀಳುವ ಮಾತು ಬೇಡ, ಅಂಗಳವನ್ನೇ ಪಕ್ಕಕ್ಕೆ ಸರಿಸಬಹುದು. ಹದಿನಾಲ್ಕೂವರೆ ಗುಂಟೆಯ ಆಟಕ್ಕೆ ಆ ಅನುಕೂಲವಿದೆ. ವಾಲಿಬಾಲ್ ಕಂಬಕ್ಕೆ ನೆಲದಲ್ಲಿ ತೋಳು ಹೂತು, ಬೇಕಾದಾಗ ನಿಲ್ಲಿಸಿ ಬೇಡವಾದಾಗ ತೆಗೆಯುವಂತೆ ಮಾಡಬಹುದು. ಖೋ-ಖೋ ಕಂಬಕ್ಕೂ ಹೀಗೇ. ಕೇಸಿಂಗ್ ಪೈಪಿಗೆ ಮೊದಲು ಮುಚ್ಚಳ ಬೆಸೆಯಬೇಕು, ಯಾವ ಆಟ ಆಡಿದರೂ ಆಡದಿದ್ದರೂ. ಗೆರೆಗೆ ಸುಟ್ಟ ಸುಣ್ಣ ಬೇಡ, ಕಣ್ಣಿಗೆ ಬಿದ್ದರೆ ಅಪಾಯ. ರಂಗೋಲಿ ಪುಡಿ ಸಾಕು.

ಬಸವನ ಬಾಗೇವಾಡಿ: ಹೊಸ ಊರುಗಳ ಬಯಲು

ಬಸವಣ್ಣನವರು ಹುಟ್ಟಿದ ಊರು. ಈ ಸೀಮೆಯಲ್ಲಿ, ಈಗ ನಿಡಗುಂದಿ ತಾಲೂಕಿಗೆ ಸೇರಿದ ಭಾಗದಲ್ಲಿ, ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಮುಳುಗಿದ ಊರುಗಳನ್ನು ಎತ್ತರದ ಜಾಗಕ್ಕೆ ತಂದು ಕಟ್ಟಿದ ಪುನರ್ವಸತಿ ಕೇಂದ್ರಗಳಿವೆ. ನಕಾಶೆ ಹಾಕಿ ಕಟ್ಟಿದ ಊರುಗಳು. ರಸ್ತೆ ನೇರ, ಶಾಲೆಗೆಂದು ಜಾಗ ಬಿಟ್ಟಿದ್ದಾರೆ. ಹಳೆಯ ಊರಿನ ಶಾಲೆಗಳಿಗಿಂತ ಬಯಲು ಇಲ್ಲಿ ಧಾರಾಳ, ಆದರೆ ಮರ ಕಡಿಮೆ.

ಇಲ್ಲಿ ಯೋಚನೆಗೆ ಹಚ್ಚಿದ್ದು ನೆರಳು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಮತ್ತು ಕಲಬುರಗಿ ವಿಭಾಗದಲ್ಲಿ ಏಪ್ರಿಲ್-ಮೇ ತಿಂಗಳು ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ, ಬಿಸಿಲು ಅಂಥದ್ದು. ಹಾಗಿರುವಾಗ ಮಕ್ಕಳ ಆಟದ ಪಿರಿಯಡ್ ಮಧ್ಯಾಹ್ನ ಊಟದ ನಂತರ ಇರುವುದು ಯಾಕೆ? ತಾಲೂಕು ಕ್ರೀಡಾಕೂಟ ಆಗಸ್ಟ್-ಸೆಪ್ಟೆಂಬರಿನಲ್ಲಿ, ಎರಿ ಮಣ್ಣು ಕಾಲಿಗೆ ಕಚ್ಚಿಕೊಳ್ಳುವ ತಿಂಗಳುಗಳಲ್ಲೇ ಬೀಳುತ್ತದೆ. ದಸರೆ ರಜೆ ಮುಗಿದ ಮೇಲೆ ನವೆಂಬರಿನಿಂದ ಫೆಬ್ರುವರಿವರೆಗೆ ನೆಲ ಒಣಗಿ, ಬೇಸಿಗೆಯಷ್ಟು ಬಿರಿಯದೆ, ಬಿಸಿಲು ಹಿತವಾಗಿರುತ್ತದೆ. ಹೊಸ ಆಟವೊಂದಕ್ಕೆ ಹೇಳಿ ಮಾಡಿಸಿದ ನಾಲ್ಕು ತಿಂಗಳು ಅವು.

ಸಾಲುಮರ ನೆಡುವುದಾದರೆ ಪಶ್ಚಿಮದ ಅಂಚಿಗೆ, ಗೆರೆಯಿಂದ ಐದಾರು ಮೀಟರ್ ಆಚೆ. ಸಂಜೆ ಆಟಕ್ಕೆ ನೆರಳು ಅಂಗಳದ ಮೇಲೆ ಬೀಳುತ್ತದೆ. ಬೇವು, ಹೊಂಗೆ ಈ ಮಣ್ಣಿಗೆ ಒಗ್ಗಿದ ಮರಗಳು.

ಖೋ-ಖೋ ಏನಾಗಬೇಕು?

ಇದು ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ಪನ್ನು ಭಾರತದ ಎರಡೂ ತಂಡಗಳು ಗೆದ್ದವು. ಫೈನಲ್‌ನಲ್ಲಿ ಮಿಂಚಿದವರು ಮೈಸೂರು ಜಿಲ್ಲೆಯ ಕುರುಬೂರು ಎಂಬ ಹಳ್ಳಿಯ ಬಿ. ಚೈತ್ರಾ. ನಮ್ಮ ನಾಲ್ಕು ತಾಲೂಕಿನಲ್ಲೂ ಅಂಥ ಹುಡುಗಿಯರಿದ್ದಾರೆ. ಒಲಿಂಪಿಕ್ಸ್ ಹೆಸರು ಹೇಳಿ ಅವರ ಅಂಕಣದ ಮೇಲೆ ಹೊಸ ಗೆರೆ ಎಳೆದು, ‘ಇನ್ನು ಮೇಲೆ ಇದನ್ನು ಆಡಿರಿ’ ಎನ್ನುವುದು ನ್ಯಾಯವಲ್ಲ.

ಅಳತೆ ಇಲ್ಲೂ ನೆರವಿಗೆ ಬರುತ್ತದೆ. ಖೋ-ಖೋ ಅಂಕಣ 27 ಮೀಟರ್‌ಗೆ 16 ಮೀಟರ್. ಎರಡು ಅಂಕಣ ಉದ್ದಕ್ಕೆ ಜೋಡಿಸಿದರೆ 54 ಮೀಟರ್, ನಡುವೆ ಮತ್ತು ತುದಿಗಳಲ್ಲಿ ಬಿಡುವು ಕೊಟ್ಟರೂ 64ಕ್ಕೆ 23ರ ಚೌಕಟ್ಟಿನಲ್ಲಿ ಹಿಡಿಸುತ್ತದೆ. ಹಸನು ಮಾಡಿದ ಒಂದೇ ಅರ್ಧ ಎಕರೆಯಲ್ಲಿ ಸೋಮವಾರ ಎರಡು ಖೋ-ಖೋ ಆಟ, ಮಂಗಳವಾರ ಫ್ಲ್ಯಾಗ್ ಫುಟ್‌ಬಾಲ್, ಬುಧವಾರ ಥ್ರೋಬಾಲ್. ಖೋ-ಖೋ ಆಡುವವರ ದಿಢೀರ್ ತಿರುವು, ಕಬಡ್ಡಿಯವರ ನುಸುಳುವಿಕೆ, ಭಲ್ಲೆ ಎಸೆಯುವವರ ಭುಜ, ಮೂರೂ ಬೇಕಾಗುವ ಆಟ ಇದು. ಇರುವ ಆಟಗಳನ್ನು ಕಳೆದು ತರಬೇಕಾದ್ದಲ್ಲ, ಅವುಗಳ ಜೊತೆ ಕೂಡಿಸಬೇಕಾದ್ದು.

ಮೈದಾನ ಯಾರದು?

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಇರಲೇಬೇಕಾದವುಗಳ ಸಾಲಿನಲ್ಲಿ ಆಟದ ಮೈದಾನವೂ ಇದೆ. ಉದ್ಯೋಗ ಖಾತ್ರಿಯಡಿ ರಾಜ್ಯದ ಎಷ್ಟೋ ಶಾಲೆಗಳಲ್ಲಿ ಕಾಂಪೌಂಡ್ ಕಟ್ಟಿದ್ದಾರೆ, ಮೈದಾನ ಸಮ ಮಾಡಿದ್ದಾರೆ. ಆದರೆ ಸಮ ಮಾಡಿದ ನೆಲ ಎರಿ ಸೀಮೆಯಲ್ಲಿ ಒಂದು ಮಳೆ, ಒಂದು ಬೇಸಿಗೆ ಕಳೆದರೆ ಮತ್ತೆ ಮೊದಲಿನಂತೆ. ಅದರ ಮೇಲೆ ಜಾತ್ರೆಯ ಗಾಡಿ ನಿಲ್ಲುತ್ತವೆ, ಚುನಾವಣೆಯ ಪೆಂಡಾಲ್ ಏಳುತ್ತದೆ, ಸುಗ್ಗಿಗೆ ತೊಗರಿ ರಾಶಿ ಬೀಳುತ್ತದೆ. ಇವನ್ನೆಲ್ಲ ನಿಲ್ಲಿಸಿ ಎನ್ನಲಾರೆ, ಬಯಲು ಊರಿನದೂ ಹೌದು. ಗೂಟ ಹೊಡೆದವರು ಕುಣಿ ಮುಚ್ಚಿ ಹೋಗಲಿ, ರಾಶಿ ಮಾಡಿದವರು ಕಡ್ಡಿ ಆರಿಸಿ ಹೋಗಲಿ ಎಂದಷ್ಟೇ ಕೇಳುತ್ತೇನೆ. ತೊಗರಿ ಕಡ್ಡಿ ಬರಿಗಾಲಿಗೆ ಚುಚ್ಚಿದರೆ ಆ ಮಗು ಒಂದು ವಾರ ಆಡುವುದಿಲ್ಲ.

ಕೊನೆಗೆ ತೋಚಿದ್ದು

ಹೊಸ ಮೈದಾನ ಕಟ್ಟಬೇಕಿಲ್ಲ. ಇಂಡಿಯ ಓಟದ ಗೆರೆಯೊಳಗೆ, ಸಿಂದಗಿಯ ಬೇವಿನಾಚೆ, ಮುದ್ದೇಬಿಹಾಳದ ಧ್ವಜಕಟ್ಟೆಯ ಪಕ್ಕ, ಬಾಗೇವಾಡಿ ಸೀಮೆಯ ಹೊಸ ಊರಿನ ಬಯಲಲ್ಲಿ ಜಾಗ ಇದೆ. ಗೆರೆ ಎಳೆಯುವುದು ಒಂದು ಮುಂಜಾನೆಯ ಕೆಲಸ. ವರ್ಷ ವರ್ಷವೂ ಮಾಡಬೇಕಾದದ್ದು ನೆಲದ ಕೆಲಸ, ಅದಕ್ಕೆ ಮನುಷ್ಯರನ್ನು ಹೆಸರು ಹಿಡಿದು ಗೊತ್ತುಮಾಡಬೇಕು.

ಆದ್ದರಿಂದ ನನ್ನ ಬೇಡಿಕೆ ಎಸ್‌ಡಿಎಂಸಿಗಳಿಗೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿಗೆ. ತಾಲೂಕಿಗೆ ಒಂದು ಶಾಲೆ ಮುಂದೆ ಬರಲಿ. ಅರ್ಧ ಎಕರೆ ಗುರುತಿಸಿ, ಅದನ್ನು ಹಸನು ಮಾಡುವವರು ಯಾರು, ಟ್ರ್ಯಾಕ್ಟರ್ ಯಾರದು, ಗರಸು ಎಲ್ಲಿಂದ, ಮುಳ್ಳು ಆರಿಸುವ ದಿನ ಯಾವುದು ಎಂದು ಸಭೆಯ ಪುಸ್ತಕದಲ್ಲಿ ಬರೆದಿಡಲಿ. ಫ್ಲ್ಯಾಗ್ ಫುಟ್‌ಬಾಲ್ ಇಲ್ಲಿ ಬೇರು ಬಿಡುತ್ತದೋ ಇಲ್ಲವೋ, ಮಕ್ಕಳು ಆಡಿ ತೀರ್ಮಾನಿಸುತ್ತಾರೆ. ಬಿರುಕಿಲ್ಲದ ಅರ್ಧ ಎಕರೆ ಖೋ-ಖೋಗೂ ಬೇಕು, ಕಬಡ್ಡಿಗೂ ಬೇಕು, ಸುಮ್ಮನೆ ಓಡುವ ಮಗುವಿಗೂ ಬೇಕು. ಸಭೆ ಏಪ್ರಿಲ್‌ನಲ್ಲೇ ಆಗಬೇಕು. ಮೇ ಕೊನೆಗೆ ಶಾಲೆ ತೆರೆದು, ಜೂನ್‌ನಲ್ಲಿ ಮಳೆ ಹಿಡಿದರೆ ಎರಿ ನೆಲದ ಮೇಲೆ ಟ್ರ್ಯಾಕ್ಟರ್ ಇಳಿಸಲಾಗುವುದಿಲ್ಲ, ಮತ್ತೊಂದು ವರ್ಷ ಹೋಗುತ್ತದೆ.